ಗೀತಮಾಲಾ ನೋಟ್‌ಬುಕ್ಕಿನ ಖಾಲಿ ಬುಧವಾರಗಳು: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ ಹಳೆಯ ಹಾಡುಗಳ ಸಂಜೆ ಮಾಡಬೇಕು ಅಂತ ತೀರ್ಮಾನವಾಯಿತು. ಜಾಗ, ಮೈಕ್ ಸೆಟ್, ಹಾಡುವವರು ಎಲ್ಲ ಸಲೀಸಾಗಿ ಒದಗಿತು. ತಕರಾರು ಬಂದದ್ದು ಹಾಡುಗಳ ಪಟ್ಟಿಯ ಮೇಲೆ.

ಹುಡುಗರು ಮೊಬೈಲ್ ಆ್ಯಪ್‌ನಿಂದ ಅರವತ್ತು, ಎಪ್ಪತ್ತರ ದಶಕದ ಅತ್ಯುತ್ತಮ ಹಿಂದಿ ಹಾಡುಗಳ ಪಟ್ಟಿ ತಂದರು. ಊರಿನ ಹಿರಿಯರೊಬ್ಬರಿಗೆ ಅದು ಸರಿಬರಲಿಲ್ಲ. ಅವರ ಬಳಿ ತಾವೇ ಬರೆದಿಟ್ಟ ನೋಟ್‌ಬುಕ್ ಇತ್ತು. ಅರವತ್ತರ ದಶಕದ ನಡುವಿನಿಂದ ಎಪ್ಪತ್ತೆಂಟರ ತನಕ, ಬುಧವಾರ ರಾತ್ರಿ ರೇಡಿಯೋ ಸಿಲೋನಿನಲ್ಲಿ (ಇಂದಿನ ಶ್ರೀಲಂಕಾದ ರೇಡಿಯೋ) ಹಿಂದಿ ಚಿತ್ರಗೀತೆಗಳಿಗೆ ಕ್ರಮಾಂಕ ಕೊಡುತ್ತಿದ್ದ ಬಿನಾಕಾ ಗೀತಮಾಲಾ ಕಾರ್ಯಕ್ರಮ ಕೇಳಿ ಬರೆದುಕೊಂಡ ಪಟ್ಟಿ. ‘ನಮ್ಮ ಕಾಲದಲ್ಲಿ ಓಡಿದ್ದು ಇವು ನೋಡು ಮಾರಾಯ್ತಿ’ ಅಂತ ಮೊಮ್ಮಗಳ ಮುಂದೆ ತೆಗೆದಿಟ್ಟರು. ಮೊಮ್ಮಗಳು ಓದಿದಳು. ಅವಳಿಗೆ ಗೊತ್ತಿದ್ದ ಹಾಡು ಅರ್ಧದಷ್ಟೂ ಇರಲಿಲ್ಲ. ‘ಅಜ್ಜ, ಇವೆಲ್ಲ ನಿಜವಾಗ್ಲೂ ಹಿಟ್ ಆಗಿದ್ವಾ?’ ಅಂತ ಕೇಳಿದಳು.

ಈ ಬರಹ ಆ ಪ್ರಶ್ನೆಯ ಬಗ್ಗೆ. ಹಳೆಯ ಹಾಡುಗಳ ಲೆಕ್ಕಾಚಾರದಲ್ಲಿ ನನಗೆ ಆಸಕ್ತಿ ಇದೆ ಅಂತ ಗೊತ್ತಿದ್ದ ಸಂಘಟಕರು ನನ್ನನ್ನೂ ಕರೆದರು. ಯಾವ ಪಟ್ಟಿ ಸರಿ ಅಂತ ಹೇಳಿ ಮುಗಿಸುವುದು ಅವರ ನಿರೀಕ್ಷೆ. ನೋಟ್‌ಬುಕ್ ಕೈಗೆ ಬಂದಮೇಲೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಅನ್ನಿಸಿತು. ಎರಡು ಪಟ್ಟಿಯಲ್ಲೂ ಯಾರನ್ನು ಎಣಿಸಿದ್ದಾರೆ?

ಗೀತಮಾಲಾ ಎಣಿಸಿದ್ದು ಏನನ್ನು

1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಅವರ ಕಾಲದಲ್ಲಿ ಆಕಾಶವಾಣಿಯಲ್ಲಿ ಸಿನಿಮಾ ಹಾಡು ತೀರಾ ಕಡಿಮೆಯಾಯಿತು. ಕೇಳುಗರು ಶಾರ್ಟ್‌ವೇವ್ ತಿರುಗಿಸಿ ಸಿಲೋನ್ ಹಿಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ನಿರೂಪಕ ಅಮೀನ್ ಸಯಾನಿ ಅವರ ಗೀತಮಾಲಾ ಶುರುವಾಯಿತು. ಮೊದಮೊದಲು ಅದು ಏಳು ಹಾಡಿನ ಸ್ಪರ್ಧೆ. ಕೇಳುಗರು ಹಾಡುಗಳ ಕ್ರಮ ಊಹಿಸಿ ಕಾಗದ ಬರೆಯಬೇಕಿತ್ತು. ಆಮೇಲೆ ಅದು ವಾರದ ಜನಪ್ರಿಯ ಹಾಡುಗಳ ಪಟ್ಟಿಯಾಯಿತು, ಹದಿನಾರು ಹಾಡಿನವರೆಗೆ ಬೆಳೆಯಿತು. ಕೊನೆಗೆ ಬರುವ ಮೊದಲ ಸ್ಥಾನದ ಹಾಡಿಗೆ ಮುಂಚೆ ಬಿಗುಲ್ (ಕಹಳೆ) ಊದುತ್ತಿದ್ದರು. ಆ ಸದ್ದು ಕೇಳಿದರೆ ಇವತ್ತಿಗೂ ಎಷ್ಟೋ ಹಿರಿಯರ ಮುಖ ಅರಳುತ್ತದೆ. 1957ರಲ್ಲಿ ವಿವಿಧ ಭಾರತಿ ಬಂದರೂ ಗೀತಮಾಲಾದ ಕೇಳುಗರು ಬಿಟ್ಟುಹೋಗಲಿಲ್ಲ. 1989ರಲ್ಲಿ ಕಾರ್ಯಕ್ರಮವೇ ವಿವಿಧ ಭಾರತಿಗೆ ಬಂತು.

ಮೊದಲಿಗೆ ಅದರ ಲೆಕ್ಕ ನಿಂತಿದ್ದು ರೆಕಾರ್ಡ್ ಮಾರಾಟದ ಮೇಲೆ. ಅಂಗಡಿಯವರು ಹೇಳಿದ ಸಂಖ್ಯೆಯೇ ಆಧಾರ. ಇದರಲ್ಲಿ ಒಂದು ತೊಡಕಿತ್ತು. ಹಾಡು ಚೆನ್ನಾಗಿ ಓಡುತ್ತಿದ್ದಾಗಲೇ ಅಂಗಡಿಯಲ್ಲಿ ರೆಕಾರ್ಡ್ ಮುಗಿದುಹೋದರೆ ಆ ವಾರ ಮಾರಾಟ ಕಡಿಮೆ, ಪಟ್ಟಿಯಲ್ಲಿ ಹಾಡು ಕೆಳಗೆ. ಇದನ್ನು ಸರಿದೂಗಿಸಲು ಬೇರೆ ಬೇರೆ ಊರುಗಳಲ್ಲಿ ಶ್ರೋತೃ ಸಂಘಗಳಾದವು. ಅವುಗಳ ಮತವನ್ನೂ ಮಾರಾಟದ ಜೊತೆ ಸೇರಿಸಿದರು.

ಅಂದರೆ ಪಟ್ಟಿಯಲ್ಲಿ ಇದ್ದದ್ದು ರೆಕಾರ್ಡ್ ಕೊಳ್ಳುವವರ ರುಚಿ ಮತ್ತು ಸಂಘ ಕಟ್ಟಿ ಕಾಗದ ಬರೆಯುವವರ ರುಚಿ. ನೋಟ್‌ಬುಕ್ ಬರೆದ ಹಿರಿಯರ ತೋಟದ ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲ. ಶ್ರೋತೃ ಸಂಘಕ್ಕೆ ಇವರು ಸೇರಿರಲೂ ಇಲ್ಲ. ವರ್ಷಗಟ್ಟಲೆ ಪಟ್ಟಿ ಬರೆದ ಮನುಷ್ಯನ ಒಂದು ಮತವೂ ಆ ಪಟ್ಟಿಯಲ್ಲಿಲ್ಲ. ನನಗೆ ಇದು ಬಹಳ ಮುಖ್ಯ ಅನ್ನಿಸಿತು. ಅವರು ಗೀತಮಾಲಾದ ಕೇಳುಗರು, ಅದರ ಲೆಕ್ಕದಲ್ಲಿ ಮಾತ್ರ ಇಲ್ಲ.

ನೋಟ್‌ಬುಕ್

ಅದು ಅಡಿಕೆ ಮಂಡಿ ಲೆಕ್ಕಕ್ಕೆ ಬಳಸುವ ಉದ್ದನೆಯ ಪುಸ್ತಕ. ಎಡಕ್ಕೆ ತಾರೀಕು, ನಡುವೆ ಹಾಡಿನ ಮೊದಲ ಸಾಲು ಕನ್ನಡ ಅಕ್ಷರದಲ್ಲಿ, ಬಲಕ್ಕೆ ಕ್ರಮಾಂಕ. ಹಿಂದಿ ಸರಿಯಾಗಿ ಬಾರದ ಕಾಲದಲ್ಲಿ ಬರೆದ ಪುಟಗಳಲ್ಲಿ ಸಾಲು ಕೇಳಿಸಿದ ಹಾಗೆ ಇದೆ. ವರ್ಷ ಕಳೆದಂತೆ ಹಿಂದಿ ಸುಧಾರಿಸುತ್ತದೆ. ಡಿಸೆಂಬರ್, ಜನವರಿಯ ಪುಟಗಳ ಅಂಚಿನಲ್ಲಿ ಕಂದು ಬಣ್ಣದ ಹೆಬ್ಬೆರಳ ಗುರುತುಗಳಿವೆ. ಅಡಿಕೆಯ ಚೊಗರು. ಕೊಯ್ಲಿನ ಕಾಲದಲ್ಲಿ ರಾತ್ರಿ ಜಗಲಿಯಲ್ಲಿ ಮನೆಯವರೆಲ್ಲ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುತ್ತಿದ್ದರು. ರೇಡಿಯೋ ಪಕ್ಕದಲ್ಲೇ. ಸುಲಿಯುತ್ತಲೇ ಕೈ ಒರೆಸಿ ಬರೆದಿದ್ದಾರೆ. ಕೆಲವು ಕಡೆ ಒರೆಸಿಲ್ಲ.

ಮೊಮ್ಮಗಳು ಒಂದು ಒಳ್ಳೆಯ ಕೆಲಸ ಮಾಡಿದಳು. ಅಜ್ಜನ ವಾರವಾರದ ಕ್ರಮಾಂಕಕ್ಕೆ ಅಂಕ ಕೊಟ್ಟಳು. ಮೊದಲ ಸ್ಥಾನಕ್ಕೆ ಹದಿನಾರು, ಕೊನೆಯದಕ್ಕೆ ಒಂದು. ವರ್ಷಕ್ಕೆ ಕೂಡಿಸಿ, ಗೀತಮಾಲಾ ವರ್ಷದ ಕೊನೆಯಲ್ಲಿ ಪ್ರಸಾರ ಮಾಡಿದ ವಾರ್ಷಿಕ ಪಟ್ಟಿಯ ಜೊತೆ ಹೋಲಿಸಿದಳು. ಕೆಲವು ವರ್ಷ ಹತ್ತಿರ ಬಂತು. ಕೆಲವು ವರ್ಷ ಎಲ್ಲೆಲ್ಲೋ ಹೋಯಿತು. ವಾರ್ಷಿಕ ಪಟ್ಟಿಯಲ್ಲಿ ಮೇಲಿರುವ ಹಾಡು ಇವರ ಲೆಕ್ಕದಲ್ಲಿ ಕೆಳಗೆ. ಅಜ್ಜ ತಪ್ಪು ಬರೆದಿದ್ದಾರೆ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡರು. ಅವರಿಗೆ ಅದರಿಂದ ಬೇಜಾರೂ ಆಯಿತು.

ತಾರೀಕುಗಳನ್ನು ಸಾಲಾಗಿ ನೋಡಿದಾಗ ವಿಷಯ ತಿಳಿಯಿತು. ಬರೆದದ್ದರಲ್ಲಿ ತಪ್ಪಿಲ್ಲ. ಬರೆಯದೆ ಉಳಿದ ವಾರಗಳೇ ಜಾಸ್ತಿ, ಅವು ಬಹುಪಾಲು ಒಂದೇ ಕಾಲದವು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಿಂಚಿನ ಮಳೆ. ಶಾರ್ಟ್‌ವೇವ್‌ನಲ್ಲಿ ಒಂದು ಮಿಂಚು ಹೊಡೆದರೆ ಚರಪರ ಸದ್ದಿನಲ್ಲಿ ಅರ್ಧ ಸಾಲು ಹಾರಿಹೋಗುತ್ತದೆ. ಜೂನ್ ಬಂದರೆ ಇನ್ನೊಂದು ಕಷ್ಟ. ಹಿತ್ತಲಿನ ಎರಡು ಮರಗಳ ನಡುವೆ ಕಟ್ಟಿದ್ದ ಏರಿಯಲ್ ತಂತಿಯ ಮೇಲೆ ಕೊಂಬೆ ಬಿದ್ದು ಕಡಿದುಹೋಗುವುದು. ಬ್ಯಾಟರಿ ಮುಗಿದರೆ ಪೇಟೆಗೆ ಹೋಗಿ ತರುವವರೆಗೆ ಕಾಯಬೇಕು. ಗದ್ದೆಯಲ್ಲಿ ನಾಟಿ, ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸ. ಆಗುಂಬೆ ಪಕ್ಕದ ಸೀಮೆಯ ಮಳೆ ಅಂದರೆ ಗೊತ್ತಲ್ವಾ, ಆಗುಂಬೆಯಲ್ಲಂತೂ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುತ್ತದೆ. ಅಂಥ ಮಳೆಗಾಲದಲ್ಲಿ ಬುಧವಾರ ಎಂಟು ಗಂಟೆಗೆ ಸಿಲೋನ್ ಸಿಕ್ಕರೆ ಅದೇ ಪುಣ್ಯ.

ಹಾಗಾಗಿ ಮಳೆಗಾಲದಲ್ಲಿ ಏರಿದ ಹಾಡು ಈ ನೋಟ್‌ಬುಕ್ಕಿನಲ್ಲಿ ಸೋಲುತ್ತದೆ. ಸುಗ್ಗಿಯಲ್ಲಿ ಏರಿದ ಹಾಡು ಗೆಲ್ಲುತ್ತದೆ. ಇದನ್ನು ಮೊಮ್ಮಗಳು ಅಜ್ಜನಿಗೆ ವಿವರಿಸಿದಾಗ ಅವರಿಗೆ ನಿಜಕ್ಕೂ ಸಮಾಧಾನವಾಯಿತು.

ಎಣಿಕೆಯ ವಿಧಾನ ಬದಲಾದರೆ ಪಟ್ಟಿ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಅಮೆರಿಕದಲ್ಲಿದೆ. ಅಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಮ್ ಪಟ್ಟಿ ಬಹಳ ಕಾಲ ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ನಂಬಿ ತಯಾರಾಗುತ್ತಿತ್ತು. 1991ರ ಮೇ ತಿಂಗಳಿನಿಂದ ಬಾರ್‌ಕೋಡ್ ಸ್ಕ್ಯಾನ್ ಮಾಡಿದ ಮಾರಾಟವನ್ನೇ ಎಣಿಸತೊಡಗಿದರು. ಕೂಡಲೇ ಕಂಟ್ರಿ, ರ್‍ಯಾಪ್, ಹೆವಿ ಮೆಟಲ್ ಆಲ್ಬಮ್‌ಗಳು ಮೇಲಕ್ಕೆ ಬಂದವು. ಅದೇ ಸೆಪ್ಟೆಂಬರಿನಲ್ಲಿ ಗಾರ್ತ್ ಬ್ರೂಕ್ಸ್ ಅವರ ಕಂಟ್ರಿ ಆಲ್ಬಮ್ ಬಿಡುಗಡೆಯ ಮೊದಲ ವಾರವೇ ಮೊದಲ ಸ್ಥಾನಕ್ಕೆ ಹೋಯಿತು. ಕೊಳ್ಳುವವರು ಮೊದಲೂ ಇದ್ದರು. ಹಳ್ಳಿಗಾಡಿನ, ಸಣ್ಣ ಊರಿನ ಆ ಜನರನ್ನು ಪಟ್ಟಿ ಸರಿಯಾಗಿ ನೋಡಿರಲಿಲ್ಲ, ಅಷ್ಟೇ.

ಎರಡು ಪಟ್ಟಿ ಎದುರುಬದುರು

ಈಗ ಹುಡುಗರ ಪಟ್ಟಿಗೆ ಬರೋಣ. ಅದರಲ್ಲಿ 1969 ಅಂದರೆ ‘ಆರಾಧನಾ’. ಎಸ್.ಡಿ. ಬರ್ಮನ್ ಸಂಗೀತ, ಕಿಶೋರ್ ಕುಮಾರ್ ದನಿ, ‘ರೂಪ್ ತೇರಾ ಮಸ್ತಾನಾ’ಕ್ಕೆ ಅವರಿಗೆ ಮೊದಲ ಫಿಲ್ಮ್‌ಫೇರ್ ಪ್ರಶಸ್ತಿ. ಗೀತಮಾಲಾದ 1969ರ ವಾರ್ಷಿಕ ಪಟ್ಟಿಯ ಮೊದಲ ಹಾಡು ಮಾತ್ರ ‘ಇಂತಕಾಮ್’ ಚಿತ್ರದ ‘ಕೈಸೇ ರಹೂಂ ಚುಪ್’. ಲತಾ ಮಂಗೇಶ್ಕರ್ ಹಾಡಿದ್ದು, ಲಕ್ಷ್ಮೀಕಾಂತ್ ಪ್ಯಾರೇಲಾಲ್ ಸಂಗೀತ. 1970ರಲ್ಲಿ ‘ದೋ ರಾಸ್ತೇ’ ಚಿತ್ರದ ‘ಬಿಂದಿಯಾ ಚಮಕೇಗಿ’. ಎರಡು ವರ್ಷವೂ ‘ಆರಾಧನಾ’ ತುದಿಗೆ ಬರಲಿಲ್ಲ.

ಹುಡುಗರಿಗೆ ಇದು ಅನ್ಯಾಯ ಅನ್ನಿಸಿತು. ನಾನು ಹಾಗೆ ಒಪ್ಪುವುದಿಲ್ಲ. ವಾರ್ಷಿಕ ಪಟ್ಟಿ ಜನವರಿಯಿಂದ ಡಿಸೆಂಬರಿನ ಲೆಕ್ಕ. ‘ಆರಾಧನಾ’ ತೆರೆಗೆ ಬಂದದ್ದು ವರ್ಷದ ಕೊನೆಯಲ್ಲಿ. ವರ್ಷದ ತುದಿಯಲ್ಲಿ ಬೆಳೆದ ಹಾಡಿನ ಅಂಕ ಎರಡು ವರ್ಷಕ್ಕೆ ಹರಿದು ಹಂಚಿಹೋಗುತ್ತದೆ. ಒಂದೇ ಚಿತ್ರದ ನಾಲ್ಕೈದು ಹಾಡು ಒಟ್ಟಿಗೆ ಮೆಚ್ಚುಗೆಯಾದರೆ ಮತವೂ ಒಡೆಯುತ್ತದೆ. ಒಂದೇ ಹಾಡಿನಿಂದ ಹೆಸರಾದ ಚಿತ್ರಕ್ಕೆ ಆ ತೊಂದರೆ ಇಲ್ಲ. ಪಟ್ಟಿ ಕೊಟ್ಟದ್ದು ವರ್ಷದೊಳಗೆ ಹೆಚ್ಚು ಅಂಕ ಕೂಡಿಸಿದ ಹಾಡನ್ನು. ಐವತ್ತು ವರ್ಷ ಆದಮೇಲೆ ಯಾವುದು ಉಳಿಯುತ್ತದೆ ಅಂತ ಅದನ್ನು ಯಾರೂ ಕೇಳಿರಲಿಲ್ಲ.

ಇಂಗ್ಲೆಂಡಿನಲ್ಲೂ ಇದೇ ಚರ್ಚೆ ಇದೆ. 1967ರಲ್ಲಿ ಎಂಗಲ್‌ಬರ್ಟ್ ಹಂಪರ್‌ಡಿಂಕ್ ಅವರ ‘ರಿಲೀಸ್ ಮಿ’ ಆರು ವಾರ ಮೊದಲ ಸ್ಥಾನದಲ್ಲಿ ನಿಂತು, ಬೀಟಲ್ಸ್‌ನ ‘ಪೆನ್ನಿ ಲೇನ್’ ಮತ್ತು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಇದ್ದ ರೆಕಾರ್ಡನ್ನು ಎರಡರಲ್ಲೇ ತಡೆಯಿತು. ಅದನ್ನು ಈಗಲೂ ಪಟ್ಟಿಯ ದೊಡ್ಡ ತಪ್ಪು ಅಂತ ಬರೆಯುತ್ತಾರೆ. ಆ ವಾರಗಳಲ್ಲಿ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ‘ರಿಲೀಸ್ ಮಿ’ ಕೊಂಡ ಜನ ಸುಳ್ಳಲ್ಲ. ಅವರನ್ನು ಇತಿಹಾಸದಿಂದ ಅಳಿಸುವ ಹಕ್ಕು ನಮಗಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೊಬೈಲಿನ ಪಟ್ಟಿಯೂ ಅಷ್ಟೇ. ಅದರಲ್ಲಿ ಎಣಿಸಿರುವುದು ಈಗ ಕೇಳುವವರನ್ನು. ಟಿವಿ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಹಾಡಿದ್ದು, ರೀಮಿಕ್ಸ್ ಆದದ್ದು, ರಿಂಗ್‌ಟೋನ್ ಆದದ್ದು, ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಸುಲಭವಾಗಿ ಹಾಡಬಹುದಾದ್ದು ಅಲ್ಲಿ ಮೇಲಿರುತ್ತದೆ. ಹಾಡಿನ ಗುಣ ಅದರಲ್ಲಿ ಇಲ್ಲವೇ ಅಂದರೆ ಇದೆ. ಪುನಃ ಪುನಃ ಕಿವಿಗೆ ಬೀಳುವ ಅವಕಾಶವೂ ಅಷ್ಟೇ ಇದೆ. ಇದನ್ನು ಅರವತ್ತರ ದಶಕದ ತೀರ್ಪು ಅಂತ ಹೇಳಿದರೆ ಅದು ತಪ್ಪು.

1965ರ ವಿಷಯದಲ್ಲಿ ಮಾತ್ರ ಹಿರಿಯರೂ ಪಟ್ಟಿಯ ಕೈಬಿಟ್ಟರು. ಆ ವರ್ಷದ ವಾರ್ಷಿಕ ಮೊದಲ ಹಾಡು ‘ಸಹೇಲಿ’ ಚಿತ್ರದ ‘ಜಿಸ್ ದಿಲ್ ಮೇಂ ಬಸಾ ಥಾ ಪ್ಯಾರ್ ತೇರಾ’, ಮುಕೇಶ್ ಹಾಡಿದ್ದು. ನೋಟ್‌ಬುಕ್ಕಿನಲ್ಲಿ ಅವರದೇ ಅಕ್ಷರದಲ್ಲಿ ಆ ಸಾಲು ಎಷ್ಟೋ ಕಡೆ ಇದೆ. ರಾಗ ನೆನಪಿಗೇ ಬರಲಿಲ್ಲ. ಫೋನಿನಲ್ಲಿ ಹಾಕಿ ಕೇಳಿಸಿದಮೇಲೆ ‘ಓ, ಇದಾ’ ಅಂದರು. ಅದೇ ವರ್ಷ ತೆರೆಕಂಡ ‘ಗೈಡ್’ ಹಾಡುಗಳನ್ನು ಕೇಳದೆಯೇ ಹಾಡಿ ತೋರಿಸಿದರು.

1975ರಲ್ಲಿ ಇದು ಉಲ್ಟಾ ಆಯಿತು. ಆ ವರ್ಷ ಅಂದರೆ ನಮಗೆಲ್ಲ ‘ಶೋಲೆ’. ಗೀತಮಾಲಾದ ವಾರ್ಷಿಕ ತುದಿಯಲ್ಲಿ ಇದ್ದದ್ದು ‘ರೋಟಿ ಕಪಡಾ ಔರ್ ಮಕಾನ್’ ಚಿತ್ರದ ಬೆಲೆ ಏರಿಕೆಯ ಕವ್ವಾಲಿ, ‘ಬಾಕಿ ಕುಛ್ ಬಚಾ ತೋ ಮೆಹಂಗಾಯಿ ಮಾರ್ ಗಯೀ’. ಹುಡುಗರ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ, 1974ರಲ್ಲಿ ದೇಶದಲ್ಲಿ ಹಣದುಬ್ಬರ ಶೇ. 20 ದಾಟಿತ್ತು. ಸೀಮೆಎಣ್ಣೆಗೂ ಸಕ್ಕರೆಗೂ ರೇಷನ್ ಅಂಗಡಿಯ ಮುಂದೆ ಸಾಲು. ನೋಟ್‌ಬುಕ್ಕಿನಲ್ಲಿ ಆ ಹಾಡಿನ ಪಕ್ಕ ಹಿರಿಯರು ಗೆರೆ ಎಳೆದಿದ್ದಾರೆ. ಅದೇ ಪುಟದ ಹಿಂಬದಿಯಲ್ಲಿ ಅಂಗಡಿ ಸಾಮಾನಿನ ಲೆಕ್ಕ. ಇಲ್ಲಿ ಹಳೆಯ ಪಟ್ಟಿ ನಮ್ಮ ನೆನಪಿಗಿಂತ ನಿಖರ. ಆ ವರ್ಷ ಜನರ ಬಾಯಲ್ಲಿ ಏನಿತ್ತು ಅಂತ ಅದು ಹಿಡಿದಿಟ್ಟಿದೆ. ನಾವು ಮರೆತಿದ್ದೇವೆ.

ಅಜ್ಜಿಯ ನೆನಪು

ಸಂಘಟಕರು ಯಾರೂ ಕೇಳದ ಒಬ್ಬರು ಆ ಮನೆಯಲ್ಲಿದ್ದರು. ಹಿರಿಯರ ಹೆಂಡತಿ. ಮೊಮ್ಮಗಳು ಸುಮ್ನೆ ಒಮ್ಮೆ ಕೇಳಿದಳು, ‘ಅಜ್ಜಿ, ನಿಮಗೆ ಯಾವ ಹಾಡು ನೆನಪಿದೆ?’ ಅಂತ. ಅಜ್ಜಿ ಹೇಳಿದ ಹಾಡುಗಳನ್ನು ನೋಟ್‌ಬುಕ್ಕಿನ ಜೊತೆ ಹೊಂದಿಸಿದರೆ ಬಹುಪಾಲು ಎಲ್ಲವೂ ಚೊಗರಿನ ಗುರುತಿರುವ ಪುಟಗಳಲ್ಲೇ ಸಿಕ್ಕವು. ಉಳಿದ ತಿಂಗಳ ಬುಧವಾರ ಎಂಟು ಗಂಟೆಗೆ ಅವರು ಅಡುಗೆಮನೆಯಲ್ಲಿದ್ದರು. ರೇಡಿಯೋ ಜಗಲಿಯಲ್ಲಿ. ಕೊಯ್ಲಿನ ಕಾಲದಲ್ಲಿ ಮಾತ್ರ ಹೆಂಗಸರೂ ಗಂಡಸರೂ ಒಂದೇ ಕಡೆ ಅಡಿಕೆ ಸುಲಿಯಲು ಕೂರುತ್ತಿದ್ದರು. ವಾರ್ಷಿಕ ಪಟ್ಟಿಯ ಪ್ರಸಾರವೂ ವರ್ಷದ ಕೊನೆಯಲ್ಲೇ, ಅಂದರೆ ಸುಲಿತದ ಹೊತ್ತಿನಲ್ಲೇ. ಹಾಗಾಗಿ ಅಜ್ಜಿ ವಾರದ ಏರಿಳಿತ ಕೇಳಿದ್ದು ಕಡಿಮೆ, ವರ್ಷದ ಫಲಿತಾಂಶ ಕೇಳಿದ್ದು ಹೆಚ್ಚು.

ಅಜ್ಜಿ ಇನ್ನೊಂದು ಮಾತು ಹೇಳಿದರು. ‘ಹಿಂದಿ ಹಾಡು ನಿಮ್ಮಜ್ಜನಿಗೆ. ನಾವು ಹೇಳಿಕೊಳ್ತಿದ್ದದ್ದು ಕನ್ನಡದ್ದು.’

ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಅದೂ ಇದೆ. ಭದ್ರಾವತಿ, ಧಾರವಾಡ ಆಕಾಶವಾಣಿಯಲ್ಲಿ ಕೇಳಿದ ಕನ್ನಡ ಚಿತ್ರಗೀತೆ, ಭಾವಗೀತೆಗಳ ಹೆಸರು. ಅವಕ್ಕೆ ತಾರೀಕಿಲ್ಲ, ಕ್ರಮಾಂಕವಿಲ್ಲ. ಕ್ರಮಾಂಕ ಕೊಡುವ ಗೀತಮಾಲಾದಂಥ ವಾರದ ಪಟ್ಟಿ ಕನ್ನಡದಲ್ಲಿ ಬೇರೂರಲೇ ಇಲ್ಲ. ಕೋರಿಕೆ ಕಾರ್ಯಕ್ರಮದಲ್ಲಿ ಕಾಗದ ಬರೆದವರ ಹೆಸರು ಓದುತ್ತಿದ್ದರು, ಯಾವ ಹಾಡಿಗೆ ಎಷ್ಟು ಕಾಗದ ಬಂತು ಅಂತ ಕೂಡಿಸಿ ಹೇಳುವ ಪದ್ಧತಿ ಇರಲಿಲ್ಲ.

ಇದರಿಂದ ಆದ ನಷ್ಟ ದೊಡ್ಡದು. 1978ನ್ನೇ ನೋಡಿ. ಗೀತಮಾಲಾ ಪ್ರಕಾರ ಆ ವರ್ಷದ ಮೊದಲ ಹಾಡು ಹೇಮಲತಾ ಹಾಡಿದ ‘ಅಖಿಯೋಂ ಕೇ ಝರೋಖೋಂ ಸೇ’. ಅದೇ ವರ್ಷ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಕವಿ ಕೆ.ಎಸ್. ನಿಸಾರ್ ಅಹಮದ್ ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು. ಮೈಸೂರು ಅನಂತಸ್ವಾಮಿ ರಾಗ ಹಾಕಿದರು. ಜೋಗ, ತುಂಗೆ, ಸಹ್ಯಾದ್ರಿ ಎಲ್ಲ ಇರುವ ಆ ಶೀರ್ಷಿಕೆ ಗೀತೆಯನ್ನು ಮಲೆನಾಡಿನ ಯಾವ ಶಾಲೆಯ ಮಕ್ಕಳೂ ಹಾಡುತ್ತಾರೆ. ಅದೇ ಹೊತ್ತಿಗೆ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದವರು. ಈ ಎರಡು ಹಾಡು ಆ ವರ್ಷ ವಾರವಾರ ಹೇಗೆ ಬೆಳೆದವು, ಮೊದಲು ಯಾವ ಊರಿನಲ್ಲಿ ಹಬ್ಬಿದವು, ಮಳೆಗಾಲದಲ್ಲಾ ಸುಗ್ಗಿಯಲ್ಲಾ? ಹೇಳಲು ನಮ್ಮ ಬಳಿ ಒಂದು ಪುಟವೂ ಇಲ್ಲ. ಪಟ್ಟಿಯಲ್ಲಿ ಲೋಪ ಇದ್ದರೆ ತಿದ್ದಿ ಓದಬಹುದು. ಪಟ್ಟಿಯೇ ಇಲ್ಲದ ಕಡೆ ಏನು ಮಾಡುವುದು?

ಕಾರ್ಯಕ್ರಮ ನಡೆದದ್ದು

ಕೊನೆಗೆ ಎರಡೂ ಪಟ್ಟಿ ಇಟ್ಟುಕೊಂಡೇ ಹಾಡು ಆರಿಸಿದರು. ಒಂದೊಂದು ವರ್ಷಕ್ಕೆ ಗೀತಮಾಲಾದ ತುದಿಯ ಹಾಡು ಒಂದು, ಜನ ಉಳಿಸಿಕೊಂಡ ಹಾಡು ಒಂದು. ನಡುವೆ ಮೊಮ್ಮಗಳು ಎರಡು ಮಾತಿನಲ್ಲಿ ವ್ಯತ್ಯಾಸದ ಕಾರಣ ಹೇಳಿದಳು. ‘ಕೈಸೇ ರಹೂಂ ಚುಪ್’ ಯಾರಿಗೂ ಬರುತ್ತಿರಲಿಲ್ಲ, ಫೋನಿನಿಂದಲೇ ಹಾಕಿದರು. ಸಭೆ ಅದನ್ನು ತಣ್ಣಗೆ ಕೇಳಿತು. ಬೆಲೆ ಏರಿಕೆಯ ಕವ್ವಾಲಿಗೆ ಹಿಂದಿನ ಸಾಲಿನ ಹಿರಿಯರು ಚಪ್ಪಾಳೆ ತಟ್ಟಿ ದನಿ ಸೇರಿಸಿದರು. ಹುಡುಗರು ತಿರುಗಿ ನೋಡಿದರು, ಆಮೇಲೆ ಅವರೂ ಸೇರಿದರು. ಅಜ್ಜಿ ಹೇಳಿದ ಕನ್ನಡ ಹಾಡುಗಳಿಗೆ ಕೊನೆಯ ಅರ್ಧ ಗಂಟೆ ಸಿಕ್ಕಿತು. ಅದು ಸಾಲಲಿಲ್ಲ. ಇನ್ನೊಮ್ಮೆ ಮಾಡಿದರೆ ಅಲ್ಲಿಂದಲೇ ಶುರುಮಾಡಬೇಕು ಅಂತ ನಾನು ಸಂಘಟಕರಿಗೆ ಹೇಳಿದ್ದೇನೆ.

ಈಗ ಮೊಮ್ಮಗಳು ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು ಒಂದು ಪ್ರತಿ ಮಾಡುತ್ತಿದ್ದಾಳೆ. ಬರೆಯದ ಬುಧವಾರಗಳನ್ನು ಖಾಲಿ ಸಾಲಾಗಿಯೇ ಬಿಡುತ್ತಾಳೆ. ಅಜ್ಜನಿಗೆ ಕಾರಣ ನೆನಪಿದ್ದರೆ ಪಕ್ಕದಲ್ಲಿ ಬರೆಯುತ್ತಾಳೆ: ತಂತಿ ಕಡಿದಿತ್ತು, ಬ್ಯಾಟರಿ ಇರಲಿಲ್ಲ, ನಾಟಿ. ಕೊನೆಯ ಕನ್ನಡ ಪುಟಗಳನ್ನು ಹಿಡಿದು ಅಕ್ಕಪಕ್ಕದ ಮನೆಗಳ ಹಿರಿಯ ಹೆಂಗಸರನ್ನು ಕೇಳುತ್ತಿದ್ದಾಳೆ, ಯಾವ ಹಾಡು ಎಲ್ಲಿ ಕೇಳಿದಿರಿ, ಯಾವ ಕೆಲಸ ಮಾಡುವಾಗ ಅಂತ. ಸಾಗರ, ಹೊಸನಗರ, ಶೃಂಗೇರಿ, ಕೊಪ್ಪದ ಮನೆಗಳ ಅಟ್ಟದಲ್ಲಿ ಇಂಥ ಪುಸ್ತಕ ಇನ್ನೂ ಇರಬಹುದು. ಸಿಕ್ಕರೆ ದಯವಿಟ್ಟು ಇಂಟರ್‌ನೆಟ್ ನೋಡಿ ಖಾಲಿ ವಾರಗಳನ್ನು ತುಂಬಬೇಡಿ. ಬರೆದವರು ಬದುಕಿದ್ದರೆ, ಆ ವಾರ ಯಾಕೆ ಬರೆಯಲಿಲ್ಲ ಅಂತ ಕೇಳಿ ಅದನ್ನೇ ಬರೆದಿಡಿ.